ಮೂರು ಎಸಳಿನ ಗುರುತಿನ ಲಾರಿ ಬಂದರೆ ರೈತರು ಏನು ಮಾಡಬೇಕು?

ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿಯಲ್ಲಿ ಯುರೇನಿಯಂ ಇದೆ ಎಂಬುದು ಯಾದಗಿರಿ ಜಿಲ್ಲೆಯ ರೈತ ಬಾಂಧವರಿಗೆ ಹೊಸ ಸುದ್ದಿಯಲ್ಲ. ಗಣಿ ಬರಬೇಕೋ ಬೇಡವೋ ಎಂಬ ವಾದ ಊರ ಕಟ್ಟೆಯ ಮೇಲೆ ಸಾಕಷ್ಟು ನಡೆದಿದೆ. ಆದರೆ ನೆಲದಿಂದ ಮೇಲೆ ಬಂದ ಅದಿರು ರಸ್ತೆಯ ಮೇಲೆಯೇ ಸಾಗಬೇಕು. ಆ ರಸ್ತೆ ನಮ್ಮ ಹೊಲದ ಬದುವಿಗೆ ತಾಗಿ ಹೋಗುತ್ತದೆ. ಸುಗ್ಗಿ ಬಂದಾಗ ಕಣ ಮಾಡಲು ಪುರಸೊತ್ತಿಲ್ಲದೆ ಅದೇ ಡಾಂಬರಿನ ಮೇಲೆ ನಾವು ತೊಗರಿ, ಜೋಳ, ಮೆಣಸಿನಕಾಯಿ ಹರಡುತ್ತೇವೆ. ಈ ಸಂಗತಿಯ ಕುರಿತು ಅಷ್ಟಾಗಿ ಚರ್ಚೆ ನಡೆದಿಲ್ಲ.

ಗಣಿ ಬರಲಿ ಬಿಡಲಿ, ವಿಕಿರಣ ಸೂಸುವ ವಸ್ತುಗಳು ದೇಶದ ರಸ್ತೆಗಳ ಮೇಲೆ ಇಂದೂ ಓಡಾಡುತ್ತವೆ. ಕ್ಯಾನ್ಸರ್ ಆಸ್ಪತ್ರೆಗೆ ಕೋಬಾಲ್ಟ್ ಹೋಗುತ್ತದೆ. ಕೊಳವೆಗಳ ಬೆಸುಗೆ ಪರೀಕ್ಷಿಸುವವರು ಇರಿಡಿಯಂ ಇಟ್ಟ ಪೆಟ್ಟಿಗೆಯನ್ನು ಜೀಪಿನಲ್ಲಿ ಒಯ್ಯುತ್ತಾರೆ. ಸಿಮೆಂಟ್ ಕಾರ್ಖಾನೆಗಳಲ್ಲಿ ಹಾಪರಿನೊಳಗಿನ ಮಟ್ಟ ಅಳೆಯಲು ಸೀಸಿಯಂ ಇರುವ ಗೇಜುಗಳನ್ನು ಕೂರಿಸುವ ಪದ್ಧತಿ ಇದೆ. ಇವುಗಳ ಸಾಗಾಟಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ನಿಯಮ ಗೊತ್ತಿದ್ದ ರೈತ ಅನಾವಶ್ಯಕ ಅಂಜುವುದಿಲ್ಲ, ಅಂಜಬೇಕಾದ ಕಡೆ ಮೈಮರೆಯುವುದೂ ಇಲ್ಲ. ಆದುದರಿಂದ ಈ ಲೇಖನವನ್ನು ಓದಿ, ಓದು ಬಾರದವರಿಗೆ ವಾಚನಾಲಯದಲ್ಲಿ ಓದಿ ಹೇಳಿರಿ.

ವಿಕಿರಣವೆಂದರೇನು?

ಕೆಲವು ಧಾತುಗಳ ಅಣುಗಳು ತಾವಾಗಿಯೇ ಒಡೆಯುತ್ತಿರುತ್ತವೆ. ಒಡೆಯುವಾಗ ಕಣ್ಣಿಗೆ ಕಾಣದ ಕಿರಣಗಳು ಹೊರಬೀಳುತ್ತವೆ. ಇವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಿಸಿಯೂ ತಟ್ಟುವುದಿಲ್ಲ. ಮಿತಿ ಮೀರಿ ಮೈಗೆ ತಾಗಿದರೆ ಚರ್ಮ ಸುಡುತ್ತದೆ, ರಕ್ತ ಕೆಡುತ್ತದೆ, ವರ್ಷಗಳ ಮೇಲೆ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ.

ಮೈಗೆ ತಾಗಿದ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ಮಣ್ಣು, ಕಲ್ಲು, ಆಕಾಶ, ಉಣ್ಣುವ ಅನ್ನ ಇವುಗಳಿಂದಲೇ ಲೋಕದ ಪ್ರತಿಯೊಬ್ಬ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತದೆ. ಇದು ನಿಸರ್ಗದ ಪಾಲು. ಇದರ ಮೇಲೆ ಮನುಷ್ಯನ ಕೆಲಸಗಳಿಂದ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ಬರಕೂಡದೆಂದು ನಿಯಮವಿದೆ. ಈ ಒಂದರ ಅಂಕಿಯನ್ನು ನೆನಪಿನಲ್ಲಿಡಿ. ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಇನ್ನೊಂದು ಮಾತನ್ನು ಮೊದಲೇ ತಿಳಿಯಬೇಕು. ಕಿರಣ ತಾಗುವುದು ಬೇರೆ, ಧೂಳು ಅಂಟುವುದು ಬೇರೆ. ಮುಚ್ಚಿದ ಪೆಟ್ಟಿಗೆಯಿಂದ ಬಂದ ಗಾಮಾ ಕಿರಣ ಕಾಳಿನ ಮೇಲೆ ಬಿದ್ದರೆ ಕಾಳು ವಿಕಿರಣ ಸೂಸಲು ಆರಂಭಿಸುವುದಿಲ್ಲ. ದೀಪದ ಬೆಳಕು ಬಿದ್ದ ಗೋಡೆ ತಾನೇ ದೀಪವಾಗುತ್ತದೆಯೇ? ಮಹಾರಾಷ್ಟ್ರದ ಲಾಸಲಗಾಂವದಲ್ಲಿ 2002ರಿಂದ ಉಳ್ಳಾಗಡ್ಡಿ ಮೊಳೆಯದಂತೆ ಕೋಬಾಲ್ಟಿನ ಕಿರಣ ಹಾಯಿಸುವ ಘಟಕವಿದೆ. ಆ ಉಳ್ಳಾಗಡ್ಡಿಯನ್ನು ಜನ ಉಣ್ಣುತ್ತಾರೆ. ನಮ್ಮಲ್ಲಿ ಹಲವರು ಬಿತ್ತುವ ಟಿ.ಎ.ಜಿ. 24 ಶೇಂಗಾ ಕೂಡ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಕಿರಣ ತಳಿ ಸುಧಾರಣೆಯ ಫಲವೇ. ಆದರೆ ವಿಕಿರಣ ಸೂಸುವ ಧೂಳು ಕಾಳಿಗೆ, ಮೇವಿಗೆ, ನೀರಿಗೆ ಸೇರಿದರೆ ಆ ಮಾತು ಬೇರೆ. ಧೂಳು ಹೊಟ್ಟೆಗೂ ಶ್ವಾಸಕೋಶಕ್ಕೂ ಇಳಿದು ಒಳಗಿನಿಂದಲೇ ಕಿರಣ ಬೀರುತ್ತಿರುತ್ತದೆ.

ದೊಡ್ಡ ಲಾರಿ, ಸಣ್ಣ ಡಬ್ಬಿ

ಯುರೇನಿಯಂ ಎಂದ ಕೂಡಲೇ ಜನ ಹೌಹಾರುತ್ತಾರೆ. ನಿಜ ಸಂಗತಿ ಏನೆಂದರೆ, ಅದಿರಿನ ಲಾರಿಗಿಂತ ಅಂಗೈಯಲ್ಲಿ ಹಿಡಿಸುವ ಇರಿಡಿಯಂ ತುಣುಕು ಎಷ್ಟೋ ಪಾಲು ಅಪಾಯಕಾರಿ.

ಗೋಗಿಯ ಒಂದು ಟನ್ ಅದಿರಿನಲ್ಲಿ ಯುರೇನಿಯಂ ಒಂದೆರಡು ಕಿಲೋದಷ್ಟು ಮಾತ್ರ. ಉಳಿದದ್ದೆಲ್ಲ ಸುಣ್ಣಕಲ್ಲು, ಗ್ರಾನೈಟ್. ಯುರೇನಿಯಂ ಅರ್ಧಕ್ಕೆ ಇಳಿಯಲು ಸುಮಾರು 450 ಕೋಟಿ ವರ್ಷ ಬೇಕು. ಅಷ್ಟು ನಿಧಾನವಾಗಿ ಒಡೆಯುವ ವಸ್ತು ಕಿರಣವನ್ನೂ ನಿಧಾನವಾಗಿಯೇ ಬಿಡುತ್ತದೆ. ಅದಿರಿನ ಲಾರಿ ನಿಮ್ಮ ಮುಂದೆ ಹಾದುಹೋದ ಮಾತ್ರಕ್ಕೆ ನಿಮಗೆ ಏನೂ ಆಗದು. ಅಲ್ಲಿ ಗಮನಿಸಬೇಕಾದದ್ದು ಧೂಳು.

ಇರಿಡಿಯಂ 74 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಭರದಿಂದ ಒಡೆಯುತ್ತದೆ. ಬೆಸುಗೆ ಪರೀಕ್ಷೆಯ ಪೆಟ್ಟಿಗೆ ಸುಮಾರು 20 ಕಿಲೋ ತೂಗುತ್ತದೆ. ಅದರೊಳಗಿನ ಮೂಲ ಮಾತ್ರ ಸಣ್ಣ ಕಡ್ಡಿಯಷ್ಟೆ. ಪೆಟ್ಟಿಗೆಯ ಒಳಗಿರುವ ತನಕ ಅದು ಪಂಜರದ ಹುಲಿ. ಹೊರಬಿದ್ದರೆ ಕೈಯಲ್ಲಿ ಹಿಡಿದವನ ಕೈ ಸುಟ್ಟುಹೋಗುತ್ತದೆ.

ಇದಕ್ಕೆ ನಡೆದ ಉದಾಹರಣೆಗಳಿವೆ. 2000ನೇ ಇಸವಿಯಲ್ಲಿ ಈಜಿಪ್ಟ್ ದೇಶದ ಮಿತ್ ಹಲ್ಫಾ ಎಂಬ ಹಳ್ಳಿಯ ಬಳಿ ಗ್ಯಾಸ್ ಕೊಳವೆಯ ಬೆಸುಗೆ ಪರೀಕ್ಷಿಸಲು ತಂದ ಇರಿಡಿಯಂ ಕಳೆದುಹೋಯಿತು. ಅದು ಸಿಕ್ಕಿದ್ದು ಒಬ್ಬ ರೈತನಿಗೆ. ಬೆಲೆಬಾಳುವ ಲೋಹವೆಂದು ತಿಳಿದು ಮನೆಗೆ ಒಯ್ದು ಇಟ್ಟುಕೊಂಡ. ಜೂನ್ ತಿಂಗಳೊಳಗೆ ಅವನೂ ತೀರಿಕೊಂಡ, ಅವನ 9 ವರ್ಷದ ಮಗನೂ ತೀರಿಕೊಂಡ. ಮನೆಯ ಉಳಿದವರು ಆಸ್ಪತ್ರೆ ಸೇರಿದರು. ಅದಕ್ಕೆ ಹಿಂದಿನ ವರ್ಷ, 1999ರಲ್ಲಿ, ಪೆರು ದೇಶದ ಯಾನಾಂಗೊ ಎಂಬಲ್ಲಿ ಜಲವಿದ್ಯುತ್ ಕಾಮಗಾರಿಯ ಬೆಸುಗೆಗಾರನೊಬ್ಬ ಇಂಥದೇ ಕಡ್ಡಿಯನ್ನು ಎತ್ತಿ ಚಲ್ಲಣದ ಹಿಂಜೇಬಿಗೆ ಹಾಕಿಕೊಂಡ. ಕೆಲವು ಗಂಟೆಗಳ ಆ ತಪ್ಪಿಗೆ ಒಂದು ಕಾಲನ್ನೇ ಕತ್ತರಿಸಬೇಕಾಯಿತು.

ನಮ್ಮ ದೇಶದಲ್ಲೂ ಇಂಥದು ನಡೆದಿದೆ. 2010ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯದ ಹಳೆಯ ಪ್ರಯೋಗಾಲಯ ಯಂತ್ರವೊಂದು ಹರಾಜಿನಲ್ಲಿ ಮಾಯಾಪುರಿಯ ಗುಜರಿ ಪೇಟೆ ಸೇರಿತು. ಒಳಗಿದ್ದ ಕೋಬಾಲ್ಟನ್ನು ತಿಳಿಯದೆ ಬಿಚ್ಚಿದರು. ಒಬ್ಬ ಕೆಲಸಗಾರ ಪ್ರಾಣ ಬಿಟ್ಟ, ಇನ್ನೂ ಕೆಲವರು ತೀವ್ರವಾಗಿ ಬಾಧೆಪಟ್ಟರು.

ಆದುದರಿಂದ ಕಾಲುವೆ ದಂಡೆಯಲ್ಲಿ, ಕೊಳವೆ ಹಾಕಿದ ಕಾಮಗಾರಿಯ ಜಾಗದಲ್ಲಿ, ರಸ್ತೆಯ ಬದಿಯಲ್ಲಿ ಹೊಳೆಯುವ ಕಡ್ಡಿ, ತೂಕದ ಡಬ್ಬಿ, ಮೂರು ಎಸಳಿನ ಗುರುತಿರುವ ಯಾವುದೇ ವಸ್ತು ಕಂಡರೆ ಎತ್ತಬೇಡಿ. ಸೀಸದಂಥ ಭಾರದ ಲೋಹ ಗುಜರಿಯವನಿಗೆ ಮಾರಿದರೆ ನಾಲ್ಕು ಕಾಸು ಬಂದೀತೆಂಬ ಆಸೆ ಬೇಡ. ಮಕ್ಕಳಿಗೂ ಕುರಿ ಕಾಯುವವರಿಗೂ ಈ ಮಾತನ್ನು ಬಿಡಿಸಿ ಹೇಳಿರಿ. ಬಯಲಲ್ಲಿ ಬಿದ್ದ ವಸ್ತು ಮೊದಲು ಕಣ್ಣಿಗೆ ಬೀಳುವುದು ಅವರಿಗೇ.

ಗುರುತು ಓದುವುದು ಹೇಗೆ?

ವಿಕಿರಣ ವಸ್ತು ಸಾಗಿಸುವ ನಿಯಮಗಳನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1961ರಲ್ಲಿ ಮೊದಲು ಹೊರತಂದಿತು. ಕಾಲಕಾಲಕ್ಕೆ ತಿದ್ದುತ್ತ ಬಂದಿದೆ. ನಮ್ಮ ದೇಶದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೇ ಆಧಾರದ ಮೇಲೆ 1986ರಲ್ಲಿ ಸಾಗಾಟ ಸಂಹಿತೆ ಮಾಡಿತು, 2016ರಲ್ಲಿ ಪರಿಷ್ಕರಿಸಿತು. ಮಂಡಳಿಯ ಮುಖ್ಯ ಕಚೇರಿ ಮುಂಬಯಿಯಲ್ಲಿದೆ. ಇದರೊಂದಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಪಾಯಕಾರಿ ಸರಕು ಹೊತ್ತ ಎಲ್ಲ ಲಾರಿಗಳಿಗೂ ಅನ್ವಯಿಸುವ ವಿಧಿಗಳಿವೆ. ಅಪಾಯಕಾರಿ ಸರಕುಗಳನ್ನು ಒಂಬತ್ತು ವರ್ಗ ಮಾಡಿದ್ದಾರೆ. ಪೆಟ್ರೋಲು 3ನೇ ವರ್ಗ, ವಿಕಿರಣ ವಸ್ತು 7ನೇ ವರ್ಗ.

ಲಾರಿಯ ಮೇಲಿನ ಫಲಕ ವಜ್ರಾಕಾರದ್ದು. ಮೇಲರ್ಧ ಹಳದಿ, ಕೆಳರ್ಧ ಬಿಳಿ. ಹಳದಿಯಲ್ಲಿ ಕಪ್ಪು ಬಣ್ಣದ ಮೂರು ಎಸಳು, ಫ್ಯಾನಿನ ರೆಕ್ಕೆಯಂತೆ. ಬಿಳಿಯಲ್ಲಿ 7 ಎಂಬ ಅಂಕಿ. ಇದನ್ನು ಕಂಡರೆ ಒಳಗಿನ ಸರಕು ಏನೆಂದು ತಿಳಿಯಲು ಇಂಗ್ಲಿಷು ಬರಬೇಕಿಲ್ಲ.

ಒಳಗಿನ ಪೆಟ್ಟಿಗೆಗಳಿಗೆ ಮೂರು ಬಗೆಯ ಚೀಟಿ ಅಂಟಿಸಿರುತ್ತಾರೆ. ಪೂರಾ ಬಿಳಿ ಚೀಟಿಯ ಮೇಲೆ ಒಂದು ಕೆಂಪು ಗೆರೆ ಇದ್ದರೆ ಅದು ಅತಿ ಕಡಿಮೆ ಕಿರಣದ ಪೆಟ್ಟಿಗೆ. ಅದರ ಮೈಗೆ ತಾಗಿ ಅಳೆದರೂ ಗಂಟೆಗೆ 0.005 ಮಿಲಿಸೀವರ್ಟಿಗಿಂತ ಹೆಚ್ಚಿರದು. ಹಳದಿ ಚೀಟಿಯಲ್ಲಿ ಎರಡು ಗೆರೆ ಇದ್ದರೆ ಮೈಮೇಲೆ ಗಂಟೆಗೆ 0.5ರ ವರೆಗೆ, ಮೂರು ಗೆರೆ ಇದ್ದರೆ 2ರ ವರೆಗೆ ಇರಬಹುದು. ಗೆರೆ ಹೆಚ್ಚಿದಷ್ಟೂ ದೂರ ನಿಲ್ಲಬೇಕು.

ಹಳದಿ ಚೀಟಿಯ ಮೇಲೆ ಸಣ್ಣ ಚೌಕದಲ್ಲಿ ಒಂದು ಅಂಕಿ ಬರೆದಿರುತ್ತದೆ. ಅದು ಸಾಗಾಟ ಸೂಚ್ಯಂಕ. ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮಿಲಿಸೀವರ್ಟ್ ಇದೆಯೋ ಅದನ್ನು ನೂರರಿಂದ ಗುಣಿಸಿದರೆ ಆ ಅಂಕಿ ಬರುತ್ತದೆ. ಎರಡು ಗೆರೆಗೆ ಇದು 1ನ್ನು, ಮೂರು ಗೆರೆಗೆ 10ನ್ನು ದಾಟಕೂಡದು.

ಲಾರಿಯ ಎರಡೂ ಪಕ್ಕ ಮತ್ತು ಹಿಂದೆ ಒಂದು ಮಾಹಿತಿ ಫಲಕ ಇರತಕ್ಕದ್ದು. ಅದರಲ್ಲಿ ಸರಕಿನ ಹೆಸರು, ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆ, ತುರ್ತಿಗೆ ಫೋನು ಮಾಡಬೇಕಾದ ನಂಬರು ಇರುತ್ತದೆ. ಯುರೇನಿಯಂ ಅದಿರು ಮತ್ತು ಅದರಿಂದ ತೆಗೆದ ಹಳದಿ ಪುಡಿಯ ಸಂಖ್ಯೆ 2912. ಪ್ರಬಲ ಮೂಲಗಳನ್ನು ಒಯ್ಯುವ ಗಟ್ಟಿ ಪೆಟ್ಟಿಗೆಯ ಸಂಖ್ಯೆ ಸಾಮಾನ್ಯವಾಗಿ 2916. ಅಪಘಾತವಾದರೆ ಈ ನಾಲ್ಕು ಅಂಕಿ ಓದಿ ಪೊಲೀಸರಿಗೆ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ. ಬರುವ ತಜ್ಞರು ಸರಿಯಾದ ಸಲಕರಣೆಯೊಂದಿಗೆ ಬರುತ್ತಾರೆ.

ಪೆಟ್ಟಿಗೆಯ ಪರೀಕ್ಷೆ

ಸರಕಿನ ಬಲಕ್ಕೆ ತಕ್ಕಂತೆ ಪೆಟ್ಟಿಗೆಯ ಬಲವಿರಬೇಕು ಎಂಬುದೇ ನಿಯಮದ ತಿರುಳು. ಔಷಧೋಪಚಾರಕ್ಕೆ ಹೋಗುವ ಅಲ್ಪ ಪ್ರಮಾಣದ ವಸ್ತುಗಳಿಗೆ 'ಎ' ಮಾದರಿಯ ಪೆಟ್ಟಿಗೆ. ಅದನ್ನು ಒಂದು ಗಂಟೆ ಕಾಲ ಜಡಿಮಳೆಯಂತೆ ನೀರಿಗೆ ಒಡ್ಡುತ್ತಾರೆ, 1.2 ಮೀಟರ್ ಎತ್ತರದಿಂದ ಕೆಡವುತ್ತಾರೆ, 6 ಕಿಲೋ ತೂಕದ ಸಲಾಕೆಯನ್ನು ಒಂದು ಮೀಟರ್ ಮೇಲಿನಿಂದ ಅದರ ಮೇಲೆ ಬಿಡುತ್ತಾರೆ. ಇಷ್ಟಾದರೂ ಒಳಗಿನದು ಹೊರಬರಬಾರದು.

ಕೋಬಾಲ್ಟ್, ಇರಿಡಿಯಂನಂಥ ಪ್ರಬಲ ಮೂಲಗಳಿಗೆ 'ಬಿ' ಮಾದರಿಯ ಪೆಟ್ಟಿಗೆ. ಇದರ ಪರೀಕ್ಷೆ ಕಠಿಣವಾದದ್ದು. 9 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮಾಳಿಗೆಯಷ್ಟು ಮೇಲಿನಿಂದ, ಬಗ್ಗದ ನೆಲದ ಮೇಲೆ ಕೆಡವುತ್ತಾರೆ. ಅನಂತರ ನೆಟ್ಟ ಉಕ್ಕಿನ ಸಲಾಕೆಯ ಮೇಲೆ ಬೀಳಿಸುತ್ತಾರೆ. 800 ಡಿಗ್ರಿ ಸೆಂಟಿಗ್ರೇಡ್ ಬೆಂಕಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. 15 ಮೀಟರ್ ಆಳದ ನೀರಿನ ಒತ್ತಡಕ್ಕೂ ಒಡ್ಡುತ್ತಾರೆ. ಹೀಗಾಗಿ ಇಂಥ ಪೆಟ್ಟಿಗೆ ಹೊತ್ತ ವಾಹನ ತಿಂಥಣಿ ಸೇತುವೆಯಿಂದ ಕೃಷ್ಣೆಗೆ ಬಿದ್ದರೂ ಪೆಟ್ಟಿಗೆ ಒಡೆಯುವ ಸಂಭವ ಕಡಿಮೆ. ಅಪಾಯ ಹೆಚ್ಚಾಗಿ ಬರುವುದು ಕಳವಿನಿಂದ, ಮರೆವಿನಿಂದ, ತಿಳಿಯದೆ ಬಿಚ್ಚುವುದರಿಂದ.

ಅದಿರಿಗೆ ನಿಯಮ ಸಡಿಲ

ಗೋಗಿ, ದಿಗ್ಗಿ, ಸೈದಾಪುರದ ಕಡೆಯ ರೈತರು ಈ ಭಾಗವನ್ನು ಎರಡು ಸಲ ಓದಬೇಕು.

ಅಣು ಖನಿಜ ನಿರ್ದೇಶನಾಲಯದವರು 1990ರ ದಶಕದಲ್ಲಿ ಭೀಮಾ ಕೊಳ್ಳದ ಸುಣ್ಣಕಲ್ಲಿನಲ್ಲಿ ಯುರೇನಿಯಂ ಪತ್ತೆ ಮಾಡಿದರು. ಮುಂದೆ ಭಾರತ ಯುರೇನಿಯಂ ನಿಗಮವು ಗೋಗಿಯಲ್ಲಿ ಪರಿಶೋಧನಾ ಗಣಿ ತೋಡಿತು. ಗಣಿಯಿಂದ ಎತ್ತಿದ ನೀರಿನ ಬಗ್ಗೆ ಗ್ರಾಮಸ್ಥರು ಆಕ್ಷೇಪ ಎತ್ತಿದರು, ಕೆಲಸ ನಿಂತಿತು. ಆದರೆ ನಿಕ್ಷೇಪ ನೆಲದಲ್ಲೇ ಇದೆ. ನಮ್ಮ ದೇಶದ ಇತರ ನಿಕ್ಷೇಪಗಳಿಗೆ ಹೋಲಿಸಿದರೆ ಅದರ ಗುಣಮಟ್ಟವೂ ಮೇಲು. ಇಂದಲ್ಲ ನಾಳೆ ಮಾತು ಮತ್ತೆ ಬರುವುದು ಸಹಜ.

ಗಣಿ ಬಂದರೆ ಎರಡು ಬಗೆಯ ಸಾಗಾಟ ನಡೆಯುತ್ತದೆ. ಮೊದಲನೆಯದು, ಗಣಿಯಿಂದ ಸಂಸ್ಕರಣಾ ಕಾರ್ಖಾನೆಗೆ ಅದಿರು. ಎರಡನೆಯದು, ಕಾರ್ಖಾನೆಯಿಂದ ಹೈದರಾಬಾದಿನ ಅಣು ಇಂಧನ ಸಂಕೀರ್ಣಕ್ಕೆ ಹಳದಿ ಪುಡಿ. ಜಾರ್ಖಂಡದ ಜಾದುಗುಡದ ಪುಡಿಯೂ ಆಂಧ್ರದ ಕಡಪಾ ಸೀಮೆಯ ತುಮ್ಮಲಪಲ್ಲೆಯ ಪುಡಿಯೂ ಅಲ್ಲಿಗೇ ಸೇರುತ್ತವೆ. ಪುಡಿಯನ್ನು ಮುಚ್ಚಿದ ಉಕ್ಕಿನ ಡ್ರಮ್ಮುಗಳಲ್ಲಿ ಒಯ್ಯುತ್ತಾರೆ. ಅದರ ಚಿಂತೆ ಕಡಿಮೆ.

ಅದಿರಿನ ಮಾತು ಬೇರೆ. ಅದಿರನ್ನು ಕಡಿಮೆ ವಿಕಿರಣದ ಮೊದಲ ಗುಂಪಿಗೆ ಸೇರಿಸಿರುವುದರಿಂದ ಪೆಟ್ಟಿಗೆಯಿಲ್ಲದೆ ಲಾರಿಯಲ್ಲಿ ಸುರಿದು ಒಯ್ಯಲು ಅಂತರರಾಷ್ಟ್ರೀಯ ನಿಯಮ ಅನುಮತಿ ಕೊಡುತ್ತದೆ. ಪೆಟ್ಟಿಗೆಯಿಲ್ಲದೆ ಒಯ್ಯುವ ವಸ್ತು ದಾರಿಯಲ್ಲಿ ಸೋರಬಾರದು, ಚೆಲ್ಲಬಾರದು ಎಂಬ ಷರತ್ತೂ ಅದೇ ನಿಯಮದಲ್ಲಿದೆ. ಆದರೆ ನಿಸರ್ಗದ ವಿಕಿರಣವಷ್ಟೇ ಇರುವ ಅದಿರನ್ನು ಆ ಷರತ್ತಿನಿಂದ ಬಿಟ್ಟಿದ್ದಾರೆ! ಅಂದರೆ, ಅದಿರಿನ ಲಾರಿಗೆ ತಾಡಪತ್ರಿ ಹೊದಿಸಲೇಬೇಕೆಂದು ಈ ನಿಯಮ ಒಂದರಿಂದಲೇ ಒತ್ತಾಯಿಸಲು ಬರುವುದಿಲ್ಲ. ಆ ಷರತ್ತನ್ನು ಗಣಿಗೆ ಕೊಡುವ ಪರಿಸರ ಅನುಮತಿಯಲ್ಲಿಯೇ ಬರೆಯಿಸಬೇಕು.

ಇದು ಸಣ್ಣ ವಿಷಯವೆಂದು ತಿಳಿಯಬೇಡಿ. ಜಾರ್ಖಂಡದ ನರ್ವಾಪಹಾಡ ಗಣಿಯ ಅದಿರು ಲಾರಿಗಳಲ್ಲಿ ಜಾದುಗುಡಕ್ಕೆ ಹೋಗುತ್ತದೆ. ಹೊದಿಕೆಯಿಲ್ಲದ ಲಾರಿಗಳಿಂದ ಕಲ್ಲು, ಧೂಳು ದಾರಿಗೆ ಬೀಳುತ್ತದೆಂದು ಆ ಭಾಗದ ಜನ ದೂರಿದ್ದುಂಟು. ನಮ್ಮಲ್ಲಿ ಹಾಗಾದರೆ, ಧೂಳು ಬೀಳುವ ರಸ್ತೆಯ ಮೇಲೆಯೇ ನಮ್ಮ ತೊಗರಿ ಹರಡಿರುತ್ತದೆ. ಲಾರಿಯ ಗಾಲಿಯೇ ನಮ್ಮ ಒಕ್ಕಣೆಯ ಹಂತಿ! ಯಾವ ಕಾಳಿಗೆ ಏನು ಅಂಟಿತೆಂದು ನಮಗೂ ತಿಳಿಯದು, ಕೊಂಡವನಿಗೂ ತಿಳಿಯದು. ಮುಂದೆ ಒಂದು ದಿನ ಅಡತಿಯಲ್ಲಿ 'ಇದು ಗೋಗಿ ಕಡೆಯ ಮಾಲು' ಎಂದು ಬೆಲೆ ಇಳಿಸಿ ಕೇಳಿದರೆ ಯಾರ ಬಳಿ ದೂರುವುದು?

ಇನ್ನೊಂದು ನಿಯಮ ರೈತರ ಪಾಲಿಗೆ ಬಲು ಮುಖ್ಯ. ಪೆಟ್ಟಿಗೆಯಿಲ್ಲದ ಅದಿರನ್ನು ಒಯ್ಯುವ ವಾಹನ ಆ ಕೆಲಸಕ್ಕೇ ಮೀಸಲಿರತಕ್ಕದ್ದು. ಅದನ್ನು ಬೇರೆ ಸರಕಿಗೆ ಬಳಸುವ ಮೊದಲು ತೊಳೆದು, ಧೂಳಿನ ಅಂಶ ನಿಗದಿತ ಮಿತಿಯೊಳಗೆ ಇದೆಯೆಂದು ಅಳೆದು ನೋಡಬೇಕು. ಇಂದು ಅದಿರು ಹೊತ್ತ ಬಾಡಿಗೆ ಟಿಪ್ಪರಿನಲ್ಲಿ ನಾಳೆ ಭತ್ತವನ್ನೋ ಹತ್ತಿಯನ್ನೋ ದನದ ಮೇವನ್ನೋ ತುಂಬುವುದು ನಿಯಮಬಾಹಿರ. ನಮ್ಮೂರಿನ ಟಿಪ್ಪರ್ ಮಾಲೀಕರು ಇದನ್ನು ಈಗಲೇ ತಿಳಿದಿರಲಿ.

ಅಭಿಪ್ರಾಯ ಹೇಳುವ ದಾರಿ

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗಳಿಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ವಿಚಾರಣೆ ನಡೆಯಬೇಕಿತ್ತು. ಜನ ಅಲ್ಲಿ ಎದ್ದು ನಿಂತು ತಾಡಪತ್ರಿಯ ಮಾತೂ ಹೇಳಬಹುದಿತ್ತು. ಆದರೆ 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಣು ಖನಿಜಗಳ ಗಣಿಗಳಿಗೆ ಈ ವಿಚಾರಣೆಯಿಂದ ವಿನಾಯಿತಿ ಕೊಟ್ಟಿತು. ಯುರೇನಿಯಂ ಆ ಪಟ್ಟಿಯಲ್ಲಿದೆ. ಆದುದರಿಂದ ಯಾರೋ ಬಂದು ಕೇಳುತ್ತಾರೆಂದು ಕಾಯುವಂತಿಲ್ಲ.

ಗ್ರಾಮಸಭೆಯಲ್ಲಿ ಈ ಅಂಶಗಳನ್ನು ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಮುಂಚಿತವಾಗಿಯೇ ಕಳಿಸಬಹುದು: ಅದಿರಿನ ಲಾರಿಗೆ ಪೂರಾ ಹೊದಿಕೆ, ಗಣಿಯ ಬಾಗಿಲಲ್ಲಿ ಗಾಲಿ ತೊಳೆಯುವ ವ್ಯವಸ್ಥೆ, ಊರ ಹೊರಗಿನಿಂದ ಪ್ರತ್ಯೇಕ ದಾರಿ, ಶಾಲೆ ಬಿಡುವ ವೇಳೆಯಲ್ಲಿ ಓಡಾಟ ಬೇಡ, ರಸ್ತೆ ಬದಿಯ ಮಣ್ಣು ಮತ್ತು ಬಾವಿ ನೀರಿನ ಪರೀಕ್ಷೆ, ಅದರ ಫಲಿತಾಂಶ ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ. ಲಾರಿ ಓಡುವ ಮೊದಲೇ ಒಂದು ಸಲ ಮಣ್ಣು, ನೀರು ಪರೀಕ್ಷೆ ಮಾಡಿಸಿಡುವುದು ಅತ್ಯವಶ್ಯ. ಗೋಗಿ ಸುತ್ತಲಿನ ಕೆಲವು ಬಾವಿಗಳ ನೀರಿನಲ್ಲಿ ಯುರೇನಿಯಂ ಅಂಶ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 30 ಮೈಕ್ರೊಗ್ರಾಂ ಮಿತಿಯನ್ನು ದಾಟಿದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ. ಮೊದಲಿನ ಲೆಕ್ಕ ಕೈಯಲ್ಲಿಲ್ಲದಿದ್ದರೆ ನಾಳೆ ಬಂದ ಕೆಡುಕು ನಿಸರ್ಗದ್ದೋ ಲಾರಿಯದೋ ಎಂದು ಹೇಳಲು ಆಧಾರವಿರದು.

ದೂರವೇ ರಕ್ಷೆ: ಒಂದು ಲೆಕ್ಕ

ವಿಕಿರಣದಿಂದ ಕಾಪಾಡಿಕೊಳ್ಳಲು ಮೂರೇ ಉಪಾಯ. ಹತ್ತಿರ ಇರುವ ಹೊತ್ತು ಕಡಿಮೆ ಮಾಡುವುದು, ದೂರ ಹೆಚ್ಚಿಸುವುದು, ನಡುವೆ ಮಣ್ಣೋ ಗೋಡೆಯೋ ಅಡ್ಡ ಇರಿಸುವುದು. ಸಣ್ಣ ಮೂಲದಿಂದ ದೂರ ಇಮ್ಮಡಿಯಾದರೆ ಕಿರಣ ಕಾಲು ಪಾಲಾಗುತ್ತದೆ. ಒಂದು ಮೀಟರಿನಿಂದ ಹತ್ತು ಮೀಟರಿಗೆ ಸರಿದರೆ ನೂರರಲ್ಲಿ ಒಂದು ಪಾಲು.

ಸರಕು ಹೊತ್ತ ವಾಹನದಿಂದ ಎರಡು ಮೀಟರ್ ದೂರದಲ್ಲಿ ಗಂಟೆಗೆ 0.1 ಮಿಲಿಸೀವರ್ಟಿಗಿಂತ ಹೆಚ್ಚಿರಕೂಡದೆಂದು ನಿಯಮವಿದೆ. ಮಿತಿಯ ತುತ್ತತುದಿಯಲ್ಲಿರುವ ವಾಹನವೊಂದು ನಿಮ್ಮೂರ ಢಾಬಾದ ಮುಂದೆ ನಿಂತಿದೆ ಎನ್ನೋಣ. ಅದರಿಂದ ಎರಡು ಮೀಟರಿನಲ್ಲಿ ಹೊರಸು ಹಾಕಿಕೊಂಡು ಹತ್ತು ಗಂಟೆ ಮಲಗಿದರೆ ವರ್ಷವಿಡೀ ಬರಬಹುದಾದ ಒಂದು ಮಿಲಿಸೀವರ್ಟ್ ಒಂದೇ ರಾತ್ರಿಯಲ್ಲಿ ಬಂದಂತಾಯಿತು. ಅದೇ ವಾಹನ ಹಾದುಹೋಗುವಾಗ ಬದುವಿನ ಮೇಲೆ ನಿಂತವನಿಗೆ ತಾಗುವುದು ಲೆಕ್ಕಕ್ಕೆ ಬಾರದಷ್ಟು. ಹೋಗುವ ಲಾರಿಗೆ ಅಂಜಬೇಡಿ, ನಿಂತ ಲಾರಿಯ ನೆರಳಿಗೆ ಹೋಗಬೇಡಿ.

ಹಾಗೆಯೇ, ಹಳದಿ ಚೀಟಿಯ ಪೆಟ್ಟಿಗೆ ಇರುವ ವಾಹನದಲ್ಲಿ ಚಾಲಕ ಮತ್ತು ಅವನ ಸಹಾಯಕರ ಹೊರತು ಬೇರೆ ಯಾರೂ ಕೂಡಕೂಡದು. ಬಸ್ಸು ತಪ್ಪಿತೆಂದು ಸುರಪುರಕ್ಕೋ ಯಾದಗಿರಿಗೋ ಹೋಗಲು ಇಂಥ ಗಾಡಿಗೆ ಕೈ ಮಾಡಬೇಡಿ. ಚಾಲಕ ಹತ್ತಿಸಿಕೊಂಡರೆ ಅದು ಅವನ ತಪ್ಪು, ಕಿರಣ ತಾಗುವುದು ನಿಮಗೆ.

ನಮ್ಮ ಹಳ್ಳಿಗಳಿಂದ ಲಾರಿ ಓಡಿಸಲು ಹೋದ ಹುಡುಗರೂ ಬಹಳ ಇದ್ದಾರೆ. ಅಪಾಯಕಾರಿ ಸರಕಿನ ವಾಹನ ನಡೆಸಲು ಬರಿಯ ಲೈಸೆನ್ಸು ಸಾಲದು. ವಿಶೇಷ ತರಬೇತಿ ಪಡೆದು ಲೈಸೆನ್ಸಿನಲ್ಲಿ ದಾಖಲು ಮಾಡಿಸಬೇಕು. ಸರಕಿನ ವಿವರ, ಅಪಘಾತದಲ್ಲಿ ಮಾಡಬೇಕಾದ ಕ್ರಮ ಬರೆದ ಕಾಗದ ಕ್ಯಾಬಿನಿನಲ್ಲಿ ಇರಬೇಕು. ಅದನ್ನು ಕೊಡುವುದು ಸರಕು ಕಳಿಸುವವನ ಹೊಣೆ. ಕಾಗದ ಕೊಡದೆ 'ಸುಮ್ಮನೆ ಒಯ್ದುಬಿಡು' ಎನ್ನುವ ಮಾಲೀಕನಿಗೆ ಒಲ್ಲೆ ಎನ್ನುವ ಹಕ್ಕು ಚಾಲಕನಿಗಿದೆ.

ಅಪಘಾತವಾದರೆ

ಜೇವರ್ಗಿಯಿಂದ ಶಹಾಪುರ, ಸುರಪುರ ಹಾದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿ ಉರುಳುವುದು ಅಪರೂಪವಲ್ಲ. ಲಾರಿ ಉರುಳಿದರೆ ಚೀಲ ಹಿಡಿದು ಓಡುವವರೂ ಇದ್ದಾರೆ. ಮೂರು ಎಸಳಿನ ಗುರುತು ಕಂಡರೆ ಹೀಗೆ ಮಾಡಿರಿ:

1. ಗಾಯಗೊಂಡವರಿದ್ದರೆ ಮೊದಲು ಅವರನ್ನು ಹೊರತೆಗೆಯಿರಿ. ವಿಕಿರಣದ ಅಂಜಿಕೆಯಿಂದ ಪ್ರಾಣ ಹೋಗುವವನನ್ನು ಬಿಟ್ಟು ನಿಲ್ಲಬೇಡಿ. ಆ ಸ್ವಲ್ಪ ಹೊತ್ತಿನಿಂದ ನಿಮಗಾಗುವ ಅಪಾಯ ಸಾಮಾನ್ಯವಾಗಿ ಅತಿ ಕಡಿಮೆ.

2. ಬಳಿಕ ಎಲ್ಲರೂ ಕನಿಷ್ಠ 30 ಮೀಟರ್ ದೂರ ಸರಿಯಿರಿ. ಬೆಂಕಿ, ಹೊಗೆ ಇದ್ದರೆ ಇನ್ನೂ ದೂರ. ಗಾಳಿ ಬೀಸುವ ಕಡೆ ಬೆನ್ನು ಮಾಡಿ ನಿಲ್ಲಿರಿ.

3. 112ಕ್ಕೆ ಫೋನು ಮಾಡಿ ಜಾಗ, ಫಲಕದ ನಾಲ್ಕಂಕಿ, ತುರ್ತು ನಂಬರು ತಿಳಿಸಿರಿ. ಹತ್ತಿರದ ಠಾಣೆಗೆ ಸುದ್ದಿ ಮುಟ್ಟಿಸುವುದು ಚಾಲಕನ ಕರ್ತವ್ಯ. ಅವನಿಗೆ ಆಗದಿದ್ದರೆ ನೀವು ಮಾಡಿರಿ.

4. ಪೆಟ್ಟಿಗೆ, ಡ್ರಮ್ಮು, ಚೆಲ್ಲಿದ ಪುಡಿ ಮುಟ್ಟಬೇಡಿ. ನೀರು ಹಾಕಿ ತೊಳೆಯಬೇಡಿ. ತೊಳೆದ ನೀರು ಹಳ್ಳ ಸೇರುತ್ತದೆ.

5. ಆ ಜಾಗದಲ್ಲಿ ಬೀಡಿ, ಎಲೆಅಡಿಕೆ, ಊಟ, ನೀರು ಬೇಡ. ಕೈಯಲ್ಲಿನ ಧೂಳು ಬಾಯಿಗೆ ಹೋಗುತ್ತದೆ.

6. ಮುಟ್ಟಿದವರು ಊರಿಗೆ ಓಡದೆ ಅಲ್ಲಿಯೇ ಬದಿಗೆ ನಿಲ್ಲಬೇಕು. ಮೇಲಿನ ಅಂಗಿ, ಧೋತರ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಇಷ್ಟರಿಂದಲೇ ಮೈಮೇಲಿನ ಧೂಳಿನ ಬಹುಪಾಲು ಹೋಗುತ್ತದೆ. ಕೈ, ಮುಖವನ್ನು ಸಾಬೂನಿನಿಂದ ತೊಳೆದು, ತಜ್ಞರು ಅಳೆದು ನೋಡುವ ತನಕ ಕಾಯಿರಿ.

7. ದನಕರುಗಳನ್ನು ಆ ಹೊಲಕ್ಕೆ ಬಿಡಬೇಡಿ. ಪೈರು ಕೊಯ್ಯಬೇಡಿ, ಮೇವು ತರಬೇಡಿ. ಕಾಲುವೆಗೆ ಬಿದ್ದಿದ್ದರೆ ನೀರಾವರಿ ಇಲಾಖೆಗೆ ಹೇಳಿ ಕೆಳಗಿನ ತೂಬು ಮುಚ್ಚಿಸಿರಿ.

ಪರಿಹಾರದ ಬಗ್ಗೆ ಒಂದು ಎಚ್ಚರಿಕೆ. ರಾಸಾಯನಿಕ ಲಾರಿ ಉರುಳಿ ಹಾನಿಯಾದರೆ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯ ಪ್ರಕಾರ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸ್ವಲ್ಪ ಪರಿಹಾರ ಸಿಗುತ್ತದೆ. ಆದರೆ ಕೇವಲ ವಿಕಿರಣದಿಂದಾದ ಅಪಘಾತವನ್ನು ಆ ಕಾಯಿದೆ ಹೊರಗಿಟ್ಟಿದೆ. ಆದುದರಿಂದ ಹೊಲಕ್ಕೆ ಹಾನಿಯಾದರೆ ಅದೇ ದಿನ ತಹಸೀಲ್ದಾರರ ಕಚೇರಿಗೆ ಬರೆದು ಕೊಟ್ಟು ಪಂಚನಾಮೆ ಮಾಡಿಸಿರಿ. ದೂರದಿಂದಲೇ ಫೋಟೋ ತೆಗೆದಿಡಿ. ಪಹಣಿ, ಬೆಳೆಯ ಲೆಕ್ಕ, ಪರೀಕ್ಷೆಯ ವರದಿಯ ಪ್ರತಿ ಒಂದೆಡೆ ಇರಲಿ. ಕೋರ್ಟಿನಲ್ಲಿ ನಿಲ್ಲುವುದು ಕಾಗದವೇ ಹೊರತು ಬಾಯಿಮಾತಲ್ಲ.

ಈ ವಾರವೇ ಮಾಡಬಹುದಾದದ್ದು

ಕೆಲಸ ದೊಡ್ಡದೇನಲ್ಲ. ಮೂರು ಎಸಳಿನ ಗುರುತನ್ನು ಶಾಲೆಯ ಗೋಡೆಯ ಮೇಲೆ ಬರೆಸಿರಿ. ಊರಿನ ಗುಜರಿ ವ್ಯಾಪಾರಿಗೂ ಬೆಸುಗೆ ಅಂಗಡಿಯವನಿಗೂ ಅದನ್ನು ತೋರಿಸಿರಿ. ಕೊಳವೆ ಕಾಮಗಾರಿ ನಡೆಯುವ ಕಡೆ ಹಗ್ಗ ಕಟ್ಟಿ ಕೆಂಪು ಬಾವುಟ ಇಟ್ಟಿದ್ದರೆ ದಾಟಬೇಡಿ. ಸಾಧ್ಯವಾದಷ್ಟು ರಾಶಿಯನ್ನು ರಸ್ತೆ ಬಿಟ್ಟು ಕಣಕ್ಕೆ ತನ್ನಿರಿ. ಪಂಚಾಯತಿಯವರು ಊರಿಗೊಂದು ಒಕ್ಕಣೆ ಕಣ ಕಟ್ಟಿಸಿಕೊಟ್ಟರೆ ವಿಕಿರಣದ ಧೂಳಿನಿಂದಷ್ಟೇ ಅಲ್ಲ, ಡೀಸೆಲ್ ಮಸಿಯಿಂದಲೂ ಡಾಂಬರಿನ ಹರಳಿನಿಂದಲೂ ಕಾಳು ಉಳಿಯುತ್ತದೆ. ರಾತ್ರಿ ರಾಶಿಗೆ ಡಿಕ್ಕಿ ಹೊಡೆದು ಸಾಯುವ ಬೈಕ್ ಸವಾರರ ಜೀವವೂ ಉಳಿಯುತ್ತದೆ.

ಗಣಿ ಬೇಕೆನ್ನುವವರೂ ಬೇಡವೆನ್ನುವವರೂ ಈ ಮಾತಿಗೆ ಒಪ್ಪಬಹುದು: ಸರಕು ಯಾರದೇ ಇರಲಿ, ರಸ್ತೆ ನಮ್ಮ ಊರಿನದು. ಅದರ ಮೇಲೆ ಏನು ಹೋಗುತ್ತಿದೆ, ಹೇಗೆ ಹೋಗುತ್ತಿದೆ ಎಂದು ಕೇಳುವುದು ರೈತನ ಹಕ್ಕು. ಕೇಳಲು ತಿಳಿದಿರಬೇಕು. ತಿಳಿದವರು ತಿಳಿಯದವರಿಗೆ ಹೇಳಬೇಕು.